ಕೆಡವುವ ಮೊದಲು ಬಿರುಕನ್ನು ಅಳೆಯಿರಿ

ಪಕ್ಕದಲ್ಲಿ ಆಳವಾಗಿ ಅಗೆದಿದ್ದರಿಂದ ಬಿರುಕು ಬಿಟ್ಟ ಹಳೆಯ ಸಾರ್ವಜನಿಕ ಕಟ್ಟಡವನ್ನು ಕೆಡವಿಬಿಡುವುದೇ ಸುರಕ್ಷಿತ ಎಂದು ನಾನು ಓದಿದ ಒಂದು ಲೇಖನ ಹೇಳುತ್ತದೆ. ನಾನು ಒಪ್ಪುವುದಿಲ್ಲ.

ಬಿರುಕು ಕಂಡ ಕೂಡಲೇ ಕಟ್ಟಡ ಸತ್ತಿತು ಅಂತಲ್ಲ. ಅದು ಇನ್ನೂ ಬೆಳೆಯುತ್ತಿದೆಯಾ, ನಿಂತಿದೆಯಾ ಎಂಬುದು ಮುಖ್ಯ. ಹಳೆಯ ಪಾಯಗಳು ಸಾಮಾನ್ಯವಾಗಿ ಹೆಚ್ಚು ಆಳ ಇರುವುದಿಲ್ಲ. ಪಕ್ಕದಲ್ಲಿ ಗುಂಡಿ ತೋಡಿ ನೀರು ಹೊರಗೆ ಹಾಕಿದರೆ ಮಣ್ಣು ಕುಗ್ಗಿ ಗೋಡೆಯ ಒಂದು ಕಡೆ ಕೂರುತ್ತದೆ. ಮೊದಲು ಜನರನ್ನು ಹೊರಗೆ ಕಳಿಸಿ, ಗೋಡೆಗೆ ಆಸರೆ ಕೊಟ್ಟು, ಬಿರುಕುಗಳಿಗೆ ಅಳತೆಪಟ್ಟಿ ಅಂಟಿಸಿ ತಿಂಗಳುಗಟ್ಟಲೆ ನೋಡಬೇಕು. ಮಳೆಗಾಲ, ಬೇಸಿಗೆ ಎರಡೂ ಕಳೆಯಲಿ. ಹಾಗಂತ ಸುಣ್ಣದ ಗಾರೆಯ ಗೋಡೆಗೆ ಸಿಮೆಂಟ್ ಮೆತ್ತಿ ಬಿರುಕು ಮುಚ್ಚಬೇಡಿ. ತೇವ ಒಳಗೇ ಉಳಿದು ಗೋಡೆ ಇನ್ನೂ ಹಾಳಾಗುತ್ತದೆ.

ಲಂಡನ್‌ನ ಬಿಗ್ ಬೆನ್ ಗೋಪುರದ ಪಕ್ಕದಲ್ಲೇ 1990ರ ದಶಕದಲ್ಲಿ ಮೆಟ್ರೋ ನಿಲ್ದಾಣಕ್ಕಾಗಿ ಅಗೆದರು. ಗೋಪುರ ವಾಲದಂತೆ ಅಳೆಯುತ್ತಾ, ಅದರ ಕೆಳಗಿನ ಮಣ್ಣಿಗೆ ಸಿಮೆಂಟ್ ಹಾಲು (ನೀರಾಗಿ ಕಲಸಿದ ಸಿಮೆಂಟ್) ತುಂಬುತ್ತಾ ಕೆಲಸ ಮಾಡಿದರು. ವೆನಿಸ್‌ನ ಸೇಂಟ್ ಮಾರ್ಕ್ ಗಂಟೆಗೋಪುರ 1902ರಲ್ಲಿ ಪೂರ್ತಿ ಕುಸಿಯಿತು. ಅದನ್ನೂ ಅದೇ ಜಾಗದಲ್ಲಿ, ಅದೇ ರೂಪದಲ್ಲಿ ಕಟ್ಟಿ 1912ರಲ್ಲಿ ತೆರೆದರು.

ಇನ್ನೊಂದು ಮಾತು. ಕಟ್ಟಡದ ತಪಾಸಣೆಯನ್ನು ಹಾನಿ ಮಾಡಿದವರೇ ನೇಮಿಸಿದ ಎಂಜಿನಿಯರ್ ಮಾಡಿದರೆ ಜನ ಹೇಗೆ ನಂಬುತ್ತಾರೆ? ಹಳೆಯ ಕಟ್ಟಡಗಳ ಅನುಭವ ಇರುವ, ಅವರಿಗೆ ಸಂಬಂಧವಿಲ್ಲದ ತಜ್ಞರು ನೋಡಲಿ. ದುರಸ್ತಿಯ ಖರ್ಚು ಹಾನಿ ಮಾಡಿದವರದ್ದೇ, ಅಲ್ವಾ? ವರದಿ ಜನರ ಮುಂದೆ ಬರುವವರೆಗೆ ಒಂದು ಇಟ್ಟಿಗೆಯನ್ನೂ ತೆಗೆಯಬಾರದು.