ಕುದುರೆ ಲಾಳಕ್ಕೆ ಪ್ರವೇಶವಿಲ್ಲ

ನಾವು ತಮಿಳುನಾಡಿನ ಹೊಸೂರಿನ ಸಿಪ್ಕಾಟ್ ಕೈಗಾರಿಕಾ ಪ್ರದೇಶದಲ್ಲಿ ರೆಸಿಸ್ಟರ್ ಮಾಡುವವರು. ಕರೆಂಟಿನ ಹರಿವಿಗೆ ತಡೆ ಒಡ್ಡುವ ಬಿಡಿಭಾಗ ಅದು. ಅಕ್ಕಿಕಾಳಿಗಿಂತ ಒಂಚೂರು ದಪ್ಪ, ಎರಡೂ ಕಡೆ ತಂತಿಯ ಕಾಲು, ಮೈಮೇಲೆ ಬಣ್ಣದ ಬಳೆ. ಕಂದು, ಕಪ್ಪು, ಕಿತ್ತಳೆ ಇದ್ದರೆ 10 ಸಾವಿರ ಓಮ್; ಓಮ್ ಅಂದರೆ ಆ ತಡೆಯ ಅಳತೆ. ಕೊನೆಯದು ಬಂಗಾರದ ಬಳೆ. ಅದರ ಅರ್ಥ, 'ಸ್ವಾಮೀ, ನಾನು ಶೇಕಡಾ 5ರಷ್ಟು ಹೆಚ್ಚುಕಮ್ಮಿ ಇರಬಹುದು, ಹೊಟ್ಟೆಗೆ ಹಾಕ್ಕೊಳ್ಳಿ'. ಬೆಳ್ಳಿ ಬಳೆಯಾದರೆ ಶೇಕಡಾ 10. ಬಳೆಯೇ ಇಲ್ಲದಿದ್ದರೆ 20. ತನ್ನ ಐಬನ್ನು ತಾನೇ ಮೈಮೇಲೆ ಬರೆದುಕೊಂಡು ಪೇಟೆಗೆ ಹೋಗುವ ಸಾಮಾನು ಇದು. ಗಂಡು ನೋಡಲು ಹೋದಾಗ ಇಂಥದ್ದೊಂದು ಬಳೆ ಕಾಣುವಂತಿದ್ದರೆ ಎಷ್ಟು ಸಂಸಾರ ಉಳಿಯುತ್ತಿತ್ತೋ.

ಇಂಥ ನಮ್ಮನ್ನು ಡಿಜಿಟಲ್ ಮಾಡಲು ದೊಡ್ಡ ಗಿರಾಕಿಯೊಬ್ಬರು ಪಣ ತೊಟ್ಟರು.

ಗಿರಾಕಿ ಇರುವುದು ಗಡಿಯಾಚೆ, ಬೊಮ್ಮಸಂದ್ರದ ಕಡೆ. ಜೂಜುವಾಡಿ ದಾಟಿ ಅತ್ತಿಬೆಲೆ ಹೊಕ್ಕರೆ ಕರ್ನಾಟಕ. ಗೂಡ್ಸ್ ಆಟೋದಲ್ಲಿ ಮುಕ್ಕಾಲು ಗಂಟೆ. ಹಿಂದೆ ಗಡಿಯಲ್ಲಿ ತೆರಿಗೆ ಚೆಕ್‌ಪೋಸ್ಟ್ ಇತ್ತು. ಕಾಯಿಸುತ್ತಿದ್ದರು, ಆದರೆ ಪಕ್ಕದಲ್ಲಿ ಟೀ ಸಿಗುತ್ತಿತ್ತು. 2017ರ ಜುಲೈನಲ್ಲಿ ಜಿಎಸ್‌ಟಿ ಬಂತು, ಚೆಕ್‌ಪೋಸ್ಟ್ ಹೋಯಿತು. ಎಲ್ಲಿಗೆ ಹೋಯಿತು ಅಂತ ಆಮೇಲೆ ಗೊತ್ತಾಯಿತು: ನಮ್ಮ ಆಫೀಸಿನ ಕಂಪ್ಯೂಟರ್ ಒಳಗೆ. ಅಲ್ಲೀಗ ರಾಜ್ಯಕ್ಕೊಂದು ಕೋಡ್ ನಂಬರು: ನಾವು 33, ಅವರು 29. ಮಾಲು 50 ಸಾವಿರ ರೂಪಾಯಿ ದಾಟಿದರೆ ಇ-ವೇ ಬಿಲ್ ಬೇಕು, ಅಂದರೆ ಮಾಲು ಸಾಗಿಸಲು ಆನ್‌ಲೈನ್‌ನಲ್ಲಿ ತೆಗೆಯುವ ಚೀಟಿ. 200 ಕಿಲೋಮೀಟರ್ ತನಕ ಒಂದು ದಿನದ ಅವಧಿ ಕೊಡುತ್ತಾರೆ. ನಮ್ಮ ಆಟೋ ಡ್ರೈವರ್ ಅದನ್ನು ತಿರುಗಿಸಿ ತಿರುಗಿಸಿ ನೋಡಿ, 'ಇಷ್ಟು ಟೈಮ್ ಇದ್ರೆ ಮೈಸೂರು ನೋಡ್ಕೊಂಡೇ ಮಾಲು ಇಳಿಸಬಹುದಲ್ವಾ ಸಾರ್' ಅಂದ.

ಸರ್ಕಾರದ್ದು ಹೇಗೋ ಕಲಿತೆವು. ಕಲಿಯಲಾಗದ್ದು ಗಿರಾಕಿಯ ಪೋರ್ಟಲ್, ಅಂದರೆ ನಾವು ಮಾಲಿನ ವಿವರ, ಬಿಲ್ ಎಲ್ಲ ತುಂಬಬೇಕಾದ ಅವರ ವೆಬ್‌ಸೈಟ್.

ನಮ್ಮ ರೆಸಿಸ್ಟರ್ ಒಂದಕ್ಕೆ ಹದಿನೆಂಟೂವರೆ ಪೈಸೆ. ಈ ಧಂದೆಯಲ್ಲಿ ಸಾವಿರದ ಲೆಕ್ಕದಲ್ಲಿ ರೇಟು ಹೇಳುವುದು ವಾಡಿಕೆ, ಸಾವಿರಕ್ಕೆ 185 ರೂಪಾಯಿ. ಪೋರ್ಟಲ್‌ಗೆ ಸಾವಿರ ಗೊತ್ತಿಲ್ಲ. ಅದಕ್ಕೆ ನಗ (ಅಂದರೆ ಒಂದೊಂದು ಬಿಡಿ), ಕಿಲೋ, ಲೀಟರ್, ಮೀಟರ್, ಡಜನ್ ಗೊತ್ತು. ಸರಿ, ನಗದ ಲೆಕ್ಕದಲ್ಲೇ ಹಾಕೋಣ ಅಂದರೆ ರೂಪಾಯಿ ಆದಮೇಲೆ ಚುಕ್ಕಿ, ಚುಕ್ಕಿ ಆದಮೇಲೆ ಎರಡೇ ಅಂಕಿ. ಅರ್ಧ ಪೈಸೆಗೆ ಜಾಗವಿಲ್ಲ. ಹದಿನೆಂಟೂವರೆ ಪೈಸೆಯನ್ನು ಅದು ತಾನೇ ಹತ್ತೊಂಬತ್ತು ಮಾಡಿಕೊಂಡಿತು. 1 ಲಕ್ಷ ರೆಸಿಸ್ಟರ್‌ಗೆ 18,500 ಆಗಬೇಕಿದ್ದ ಬಿಲ್ 19,000 ಆಯಿತು. ಆಮೇಲೆ ಅದೇ ಪೋರ್ಟಲ್, 'ಆರ್ಡರ್‌ಗೂ ಬಿಲ್‌ಗೂ ತಾಳೆ ಇಲ್ಲ' ಅಂತ ಬಿಲ್ ವಾಪಸ್ ಕಳಿಸಿತು. 500 ರೂಪಾಯಿ ವ್ಯತ್ಯಾಸ ಅಂದರೆ ಶೇಕಡಾ 3ಕ್ಕೂ ಕಮ್ಮಿ. ನಮ್ಮ ಲೆಕ್ಕದಲ್ಲಿ ಬಂಗಾರದ ಬಳೆಯೊಳಗೇ ಬಂತು. ಪೋರ್ಟಲ್ ಬಳೆ ತೊಡುವುದಿಲ್ಲ.

ಸಹಾಯವಾಣಿಯ ಹುಡುಗ ಒಳ್ಳೆಯವನು. 'ಡಜನ್‌ನಲ್ಲಿ ಹಾಕಿ ನೋಡಿ' ಅಂದ. ಡಜನ್‌ಗೆ 2 ರೂಪಾಯಿ 22 ಪೈಸೆ, ಲೆಕ್ಕ ನಿಜಕ್ಕೂ ಸರಿ ಕೂತಿತು! ಆದರೆ 1 ಲಕ್ಷವನ್ನು 12ರಿಂದ ಭಾಗಿಸಿದರೆ ನಾಲ್ಕು ರೆಸಿಸ್ಟರ್ ಉಳಿಯುತ್ತವೆ. ಆ ನಾಲ್ಕನ್ನು ಏನು ಮಾಡಲಿ ಅಂತ ಕೇಳಿದೆ. ನನ್ನ ದೂರಿನ ಟಿಕೆಟ್ ಕ್ಲೋಸ್ ಆಯಿತು.

ಇನ್ನು ಓಮ್ ಕಥೆ. ಕುದುರೆ ಲಾಳದ ಹಾಗೆ ಒಂದು ಗುರುತಿದೆಯಲ್ಲ, ಅದೇ. ಮಾಲಿನ ವಿವರದಲ್ಲಿ ಅದನ್ನು ಹಾಕಿದರೆ 'ವಿಶೇಷ ಚಿಹ್ನೆಗಳಿಗೆ ಅವಕಾಶವಿಲ್ಲ' ಅಂತ ಕೆಂಪಕ್ಷರ ಬರುತ್ತದೆ. ಚಿಹ್ನೆ ಬಿಟ್ಟು ಬರೀ 10,000 ಅಂತ ಹಾಕಿದೆ. ಪೋರ್ಟಲ್ ಅದನ್ನು ನಗ ಅಂತ ತಿಳಿದು 90 ಸಾವಿರ ಬಾಕಿ ಇದೆ ಅಂತ ಹೇಳಿತು.

ಕೊನೆಗೆ ಅವರ ಕಡೆಯ ಕನ್ಸಲ್ಟೆಂಟ್ ಬಂದು ನಮ್ಮ ಪ್ಯಾಕಿಂಗ್ ಮೇಜಿಗೊಂದು ಟ್ಯಾಬ್ ಕೊಟ್ಟರು. ಪ್ಯಾಕಿಂಗ್ ಅಕ್ಕ ಬಾಗಲೂರು ಕಡೆಯವರು. ಬೆರಳಿಗೆ ರಬ್ಬರ್ ಟೊಪ್ಪಿಗೆ ಹಾಕಿ ಕೆಲಸ ಮಾಡುತ್ತಾರೆ. ಟ್ಯಾಬ್‌ಗೆ ರಬ್ಬರ್ ಬೆರಳು ತಿಳಿಯುವುದಿಲ್ಲ. ಅಕ್ಕ ಎರಡು ದಿನ ಒತ್ತಿ ನೋಡಿದರು. ಮೂರನೇ ದಿನದಿಂದ ರಟ್ಟಿನ ಡಬ್ಬಿಯ ಮುಚ್ಚಳದ ಮೇಲೆ ಪೆನ್ನಿನಲ್ಲಿ ನಾಲ್ಕು ಗೀಟು, ಅಡ್ಡ ಒಂದು ಗೀಟು. ಸಂಜೆ ಆರಕ್ಕೆ ಒಬ್ಬ ಹುಡುಗ ಮುಚ್ಚಳ ನೋಡಿಕೊಂಡು ಎಲ್ಲವನ್ನೂ ಟ್ಯಾಬ್‌ಗೆ ಹೊಡೆಯುತ್ತಾನೆ. ಬೊಮ್ಮಸಂದ್ರದಲ್ಲಿ ದೊಡ್ಡ ಟಿವಿಯ ಮೇಲೆ ಅದು 'ರಿಯಲ್ ಟೈಮ್' ಅಂತ ಬರುತ್ತದೆ. ಬೆಳಗ್ಗೆಯಿಂದ ಸಂಜೆವರೆಗೆ ನಾವು ಸುಮ್ನೆ ಕೂತಿರುತ್ತೇವೆ, ಆರು ಗಂಟೆಗೆ ಒಂದೇ ಏಟಿಗೆ 1 ಲಕ್ಷ ಪ್ಯಾಕ್ ಮಾಡುತ್ತೇವೆ ಅಂತ ಅವರ ನಂಬಿಕೆ. ವೇಗಕ್ಕೆ ಅಭಿನಂದನೆ ಹೇಳಿ ಮೇಲ್ ಕೂಡ ಬಂದಿದೆ.

ದುಡ್ಡಿನ ವಿಷಯ ಜಾಸ್ತಿ ಹೇಳುವುದಿಲ್ಲ. ಸಣ್ಣ ಉದ್ದಿಮೆಗೆ 45 ದಿನದ ಗಡುವು ಮೀರದೆ ಹಣ ಕೊಡಬೇಕು ಅಂತ 2006ರ ಕಾಯ್ದೆ ಇದೆ. ಆದರೆ ನಮ್ಮ ಮಾಲು ಪೋರ್ಟಲ್ ಪ್ರಕಾರ ಇನ್ನೂ ತಲುಪಿಯೇ ಇಲ್ಲ. ಅದು ಬೋರ್ಡಿನ ಮೇಲೆ ಕೂತು, ಬೆಸುಗೆ ಹಾಕಿಸಿಕೊಂಡು, ಯಾರದೋ ಮನೆಯ ಇನ್ವರ್ಟರ್‌ನಲ್ಲಿ ಕೆಲಸ ಮಾಡುತ್ತಿದ್ದರೂ ಪೋರ್ಟಲ್‌ನಲ್ಲಿ ಮಾತ್ರ 'ಪರಿಶೀಲನೆಯಲ್ಲಿದೆ'.

ಹೋದ ವಾರ ನಾನೇ ಆಟೋದಲ್ಲಿ ಮಾಲಿನ ಜೊತೆ ಹೋಗಿದ್ದೆ. ಗೇಟಿನಲ್ಲಿ ಸ್ಕ್ಯಾನರ್ ಕೆಟ್ಟಿತ್ತು. ಸೆಕ್ಯುರಿಟಿಯವರು ಮೇಜಿನ ಕೆಳಗಿಂದ ಉದ್ದನೆಯ ನೋಟ್‌ಬುಕ್ ತೆಗೆದು, ಧೂಳು ಕೊಡವಿ, ಕಿವಿಯ ಮೇಲಿದ್ದ ಪೆನ್ನು ಇಳಿಸಿದರು. ಡಬ್ಬಿಯ ಮೇಲಿನ ಲೇಬಲ್ ನೋಡಿ, 'ಇದೇನ್ ಸಾರ್, ಲಾಳದ ತರ?' ಅಂದರು. 'ಓಮ್' ಅಂದೆ. ನಾಲಿಗೆ ಕಚ್ಚಿಕೊಂಡು, ನಿಧಾನವಾಗಿ, ಎರಡೂ ಕಡೆ ಪಾದ ಇಟ್ಟು ದುಂಡಗೆ ಅದನ್ನು ಬರೆದರು. ಪಕ್ಕದಲ್ಲಿ ರೇಟಿನ ಕಾಲಂ ಇತ್ತು. ಎಷ್ಟು ಅಂತ ಕೇಳಿದರು.

'ಹದಿನೆಂಟೂವರೆ ಪೈಸೆ.'

ಹದಿನೆಂಟು ಬರೆದು, ಪಕ್ಕದಲ್ಲಿ ಪುಟ್ಟದಾಗಿ ½ ಹಾಕಿ, ಒಳಗೆ ಬಿಟ್ಟರು.