ಸಿಗ್ನಲ್‌ನಲ್ಲಿ ನಿಲ್ಲೋದಕ್ಕೆ ಸೀಟು ಮಾಡಿಸಿಕೊಂಡ ಕಥೆ

ನನ್ನ ಎತ್ತರ 5 ಅಡಿ 2 ಇಂಚು. ಧಾರವಾಡದ ಮನೆಯಲ್ಲಿ ಇವತ್ತಿಗೂ ನಾನು ವಾಮನಮೂರ್ತಿ. ಪುಣೆಗೆ ಬಂದ ಮೇಲೆ ಕೈಗೆ ನಾಲ್ಕು ಕಾಸು ಬಂತು, ಆಸೆಪಟ್ಟು ದೊಡ್ಡ ಬೈಕು ತಗೊಂಡೆ. ಯಾವ ಬೈಕು ಅಂತ ಹೇಳಲ್ಲ, ತಪ್ಪು ಅದರದ್ದಲ್ಲ. ತೂಕ 180 ಕಿಲೋ ಮೇಲೆ, ಸೀಟಿನ ಎತ್ತರ 800 ಮಿ.ಮೀ. ದಾಟಿದೆ. ಕೂತರೆ ಎರಡೂ ಕಾಲಿನ ಬೆರಳ ತುದಿ ಮಾತ್ರ ನೆಲ ಮುಟ್ಟುತ್ತಿತ್ತು. ಶೋರೂಮಿನ ನುಣುಪಾದ ಟೈಲ್ಸ್ ಮೇಲೆ ಅದೇ ಸಾಕು ಅನ್ನಿಸಿತ್ತು. ರಸ್ತೆ ಟೈಲ್ಸ್ ಅಲ್ಲವಲ್ಲ.

ಮೊದಲ ಮಳೆಗಾಲದಲ್ಲೇ ಪುಣೆಯ ಚಾಂದನಿ ಚೌಕದ ಹತ್ತಿರ ಬಿದ್ದೆ. ಓಡುವಾಗ ಅಲ್ಲ, ನಿಂತಾಗ. ಟ್ರಾಫಿಕ್ ನಿಂತಿತ್ತು, ನಾನು ಎಡಗಡೆ ಅಂಚಿಗೆ ಬಂದು ನಿಲ್ಲಿಸಿ ಎಡಗಾಲು ಕೆಳಗೆ ಬಿಟ್ಟೆ. ಅಲ್ಲಿ ನೆಲವೇ ಇರಲಿಲ್ಲ. ನೀರು ಹರಿದು ಹೋಗಲಿ ಅಂತ ರಸ್ತೆಯನ್ನು ಮಧ್ಯದಲ್ಲಿ ಉಬ್ಬಿಸಿ ಅಂಚಿನ ಕಡೆ ಇಳಿಸಿರುತ್ತಾರೆ. ಉದ್ದ ಕಾಲಿನವರಿಗೆ ಇದು ಗೊತ್ತೇ ಆಗುವುದಿಲ್ಲ. ನಮ್ಮಂಥವರಿಗೆ ಆ ಎರಡು ಇಂಚಿನ ಇಳಿಜಾರೇ ಬಾವಿ. ಬೈಕು ನಿಧಾನವಾಗಿ, ಮರ್ಯಾದೆಯಿಂದ, ಎಡಕ್ಕೆ ಮಲಗಿತು. ಹಿಂದಿನ ರಿಕ್ಷಾದವನು ಇಳಿದು ಬಂದು ಎತ್ತಿಕೊಟ್ಟು, 'ಸ್ಕೂಟಿ ಘ್ಯಾ ನಾ ದಾದಾ' ಅಂದ, ಸ್ಕೂಟಿ ತಗೋಬಾರದಾ ಅಣ್ಣಾ ಅಂತ. ನೋವಾಗಿದ್ದು ಬಿದ್ದದ್ದಕ್ಕಲ್ಲ.

ಅದೇ ವಾರ ಸೀಟು ಕತ್ತರಿಸುವ ಒಂದು ಅಂಗಡಿಗೆ ಹೋದೆ. ಹುಡುಗ ನನ್ನ ಕಡೆ ಒಮ್ಮೆ ನೋಡಿದ, ಸೀಟಿನ ಕಡೆ ಒಮ್ಮೆ ನೋಡಿದ, ರೆಕ್ಸಿನ್ ಕಿತ್ತು ಗ್ರೈಂಡರ್ ಹಚ್ಚಿದ. ಫೋಮಿನ ಪುಡಿ ಅಂಗಡಿ ತುಂಬ ಹಿಮದ ಹಾಗೆ ಹಾರಿತು. ಒಂದೂವರೆ ಇಂಚು ಹೋಯಿತು. ಅರ್ಧ ಗಂಟೆಯಲ್ಲಿ ಹೊಸ ರೆಕ್ಸಿನ್ ಎಳೆದು ಸ್ಟೇಪಲ್ ಹೊಡೆದುಕೊಟ್ಟ. ಕೂತು ನೋಡಿದೆ. ಎರಡೂ ಪಾದ ಹೆಚ್ಚುಕಡಿಮೆ ನೆಲದ ಮೇಲೆ! ಆ ದಿನ ವಾರಜೆಯಿಂದ ಕಾತ್ರಜ್ ತನಕ ಕೆಂಪು ಸಿಗ್ನಲ್ ಸಿಗಲಿ ಅಂತ ಬೇಡಿಕೊಂಡೇ ಓಡಿಸಿದೆ.

ಮುಂದಿನ ಶನಿವಾರ ಊರಿಗೆ ಹೊರಟೆ. ಪುಣೆಯಿಂದ ಧಾರವಾಡ ಸುಮಾರು 420 ಕಿ.ಮೀ. ಸಾತಾರಾ ಬರುವ ಹೊತ್ತಿಗೆ ಬಾಲಮೂಳೆ ತಾನಿದ್ದೇನೆ ಅಂತ ಹೇಳತೊಡಗಿತು. ಕರಾಡದಲ್ಲಿ ಚಹಾ ನಿಂತೇ ಕುಡಿದೆ. ಕೊಲ್ಹಾಪುರ ದಾಟಿದ ಮೇಲೆ ಪ್ರತಿ ಹತ್ತು ನಿಮಿಷಕ್ಕೊಮ್ಮೆ ಕಾಲಿಡುವ ಫುಟ್‌ಪೆಗ್ ಮೇಲೆ ಎದ್ದು ನಿಲ್ಲುತ್ತಿದ್ದೆ. ಕೊಗನೊಳ್ಳಿ ಟೋಲ್ ದಾಟಿ ಕರ್ನಾಟಕ ಬಂತು ಅನ್ನುವ ಖುಷಿಯೂ ಇಲ್ಲ. ಮನೆಗೆ ಹೋಗಿ ದಿಂಬಿನ ಮೇಲೆ ಕೂತೆ. ಅವ್ವ ಏನೂ ಕೇಳಲಿಲ್ಲ, ಇನ್ನೊಂದು ದಿಂಬು ತಂದುಕೊಟ್ಟಳು.

ಆ ರಾತ್ರಿ ಕೂತು, ಅಲ್ಲಲ್ಲ, ಬೋರಲಾಗಿ ಮಲಗಿ ಯೋಚಿಸಿದೆ. ಒಂದು ದಿನದ ಪ್ರಯಾಣದಲ್ಲಿ ಕಾಲು ನೆಲ ಮುಟ್ಟುವುದು ಎಷ್ಟು ಹೊತ್ತು? ಸಿಗ್ನಲ್, ಟೋಲು, ಜಾಮು ಎಲ್ಲ ಸೇರಿಸಿದರೂ ಹದಿನೈದು ನಿಮಿಷ. ಸೀಟಿನ ಮೇಲೆ ಕೂರುವುದು ಎಂಟು ಗಂಟೆ. ಆ ಹದಿನೈದು ನಿಮಿಷಕ್ಕಾಗಿ ನಾನು ಈ ಎಂಟು ಗಂಟೆಯನ್ನು ಗ್ರೈಂಡರಿಗೆ ಕೊಟ್ಟಿದ್ದೆ. ಗಿಡ್ಡಗಿರುವ ಎಲ್ಲರಿಗೂ ಮೊದಲು ಸಿಗುವ ಸಲಹೆಯೇ ಇದು: ಸೀಟು ಇಳಿಸಿ. ಸೀಟು ಇರುವುದು ಕೂರುವುದಕ್ಕೆ ಅನ್ನುವುದು ಯಾರಿಗೂ ನೆನಪಿರುವುದಿಲ್ಲ.

ಫೋಮ್ ತೆಗೆದರೆ ಎತ್ತರ ಮಾತ್ರ ಇಳಿಯುವುದಿಲ್ಲ. ಉಳಿದ ತೆಳು ಫೋಮು ಒಂದು ಗಂಟೆಯಲ್ಲಿ ಪೂರ್ತಿ ಅದುಮಿಹೋಗುತ್ತದೆ, ಆಮೇಲೆ ನೀವು ಕೂತಿರುವುದು ಕೆಳಗಿನ ಗಟ್ಟಿ ತಟ್ಟೆಯ ಮೇಲೆ. ನನ್ನ ಸೀಟಿನ ಮುಂಭಾಗ ಮಾತ್ರ ಕತ್ತರಿಸಿದ್ದರಿಂದ ಅದು ಜಾರುಬಂಡೆ ಆಗಿತ್ತು. ಬ್ರೇಕ್ ಹಾಕಿದಾಗಲೆಲ್ಲ ಮುಂದೆ ಜಾರಿ ಟ್ಯಾಂಕಿಗೆ ಹೋಗಿ ಮುಟ್ಟುತ್ತಿದ್ದೆ. ಎಲ್ಲಿ ಮುಟ್ಟುತ್ತಿದ್ದೆ ಅಂತ ಬಿಡಿಸಿ ಹೇಳಬೇಕಿಲ್ಲ ಅಲ್ವಾ. ಇನ್ನೊಂದು, ಸೀಟು ಇಳಿದರೂ ಫುಟ್‌ಪೆಗ್ ಇದ್ದಲ್ಲೇ ಇರುತ್ತದೆ. ಎರಡರ ನಡುವಿನ ಜಾಗ ಕಡಿಮೆ ಆಗಿ ಮೊಣಕಾಲು ಜಾಸ್ತಿ ಮಡಚುತ್ತದೆ. ಗಿಡ್ಡ ಕಾಲಿಗೂ ನಿಪ್ಪಾಣಿ ಹೊತ್ತಿಗೆ ಅದು ಗೊತ್ತಾಯಿತು.

ಪುಣೆಗೆ ವಾಪಸ್ ಬಂದ ಮೇಲೆ ಆಫೀಸಿನ ಕಲಬುರಗಿಯ ಗೆಳೆಯ ನಾನಾ ಪೇಠೆಗೆ ಕರೆದುಕೊಂಡು ಹೋದ. ಗಾಡಿ ಸಾಮಾನಿಗೆ ಪುಣೆಯವರೆಲ್ಲ ಹೋಗುವ ಜಾಗ. ಅಲ್ಲೊಂದು ಸಂದಿಯಲ್ಲಿ ವಯಸ್ಸಾದ ಒಬ್ಬರು ಸೀಟು ಹೊಲಿಯುತ್ತಾರೆ. ನಮ್ಮಿಬ್ಬರ ಕನ್ನಡ ಕೇಳಿ ತಲೆ ಎತ್ತಿದರು. ಅಕ್ಕಲಕೋಟೆ ಕಡೆಯವರು. ನಾನು 'ಇನ್ನೂ ಸ್ವಲ್ಪ ಮೆತ್ತಗೆ ಮಾಡಿಕೊಡಿ' ಅಂದೆ. ಅವರು ಸೂಜಿ ಕೆಳಗಿಟ್ಟು, 'ಮೆತ್ತಗ ಬೇಕಂದ್ರ ಮನ್ಯಾಗ ಗಾದಿ ಐತಲ್ರೀ' ಅಂದರು. ಆಮೇಲೆ, 'ಮೊದ್ಲ ಏರಿ ಕುಂದರ್ರಿ, ದಿನಾ ಹಾಕೋ ಬೂಟ ಹಾಕ್ಕೊಂಡು.'

ಗ್ರೈಂಡರಿನ ಹುಡುಗ ನನ್ನನ್ನು ಕೂರಿಸಿಯೇ ಇರಲಿಲ್ಲ, ನೆನಪಾಯಿತು.

ಅವರು ಹತ್ತು ನಿಮಿಷ ನನ್ನನ್ನು ಕೂರಿಸಿ, ಇಳಿಸಿ, ಮತ್ತೆ ಕೂರಿಸಿ ಸೀಟಿನ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆದರು. ತೊಡೆ ಸೀಟಿನ ಅಂಚಿಗೆ ಎಲ್ಲಿ ಒತ್ತುತ್ತದೆ ಅಂತ ಬೆರಳು ಹಾಕಿ ನೋಡಿದರು. ನನ್ನ ತೊಂದರೆ ಸೀಟಿನ ಎತ್ತರ ಅಲ್ಲ, ಮುಂಭಾಗದ ಅಗಲ ಅಂದರು. ಕಾಲು ಸೊಂಟದಿಂದ ನೇರ ಕೆಳಗೆ ಬರುವುದಿಲ್ಲ. ಮೊದಲು ಸೀಟಿನ ಅಗಲ ಸುತ್ತಿಕೊಂಡು ಹೊರಗೆ ಹೋಗಿ, ಆಮೇಲೆ ಕೆಳಗೆ ಬರುತ್ತದೆ. ಅಗಲದ ಸೀಟು ಅಂದರೆ ಕಾಲಿನ ಉದ್ದವೆಲ್ಲ ಪಕ್ಕಕ್ಕೇ ಖರ್ಚಾಯಿತು.

ಇದನ್ನು ಕೇಳಿದ ಮೇಲೆ ಬೈಕಿನ ಅಳತೆಗಳನ್ನು ನೋಡುವ ನನ್ನ ಕಣ್ಣೇ ಬದಲಾಯಿತು. ಕಂಪನಿಗಳು ಹೇಳುವ ಸೀಟಿನ ಎತ್ತರ ನೋಡಿ: ಅವೆಂಜರ್ 220 ಕ್ರೂಸ್‌ನದು 737 ಮಿ.ಮೀ., ಮೀಟಿಯರ್ 350ರದು 765, ಕ್ಲಾಸಿಕ್ 350ರದು 805. ಹಿಮಾಲಯನ್ 450 ಸೀಟನ್ನು 825 ಅಥವಾ 845ಕ್ಕೆ ಇಟ್ಟುಕೊಳ್ಳಬಹುದು, ಇನ್ನೂ ತಗ್ಗಿನ ಸೀಟು ಬೇರೆ ಸಿಗುತ್ತದೆ. ಇವೆಲ್ಲ ಸುಳ್ಳಲ್ಲ, ಅರ್ಧ ಮಾತು. ಬಿಎಂಡಬ್ಲ್ಯೂದವರು ಸೀಟಿನ ಎತ್ತರದ ಜೊತೆ ಇನ್ನೊಂದು ಅಳತೆ ಕೊಡುತ್ತಾರೆ: ಒಂದು ಪಾದದ ಹತ್ತಿರ ನೆಲದಿಂದ ಶುರುವಾಗಿ, ಒಳಗಾಲಿನಗುಂಟ ಸೀಟು ಹತ್ತಿ, ಇನ್ನೊಂದು ಕಾಲಿನಗುಂಟ ನೆಲಕ್ಕೆ ಇಳಿಯುವ ಒಟ್ಟು ಉದ್ದ. ನಮಗೆ ಬೇಕಾದದ್ದು ಅದೇ. ಎಲ್ಲರೂ ಕೊಟ್ಟರೆ ಎಷ್ಟು ಚೆಂದ. ಕೊಡದಿದ್ದರೆ ದರ್ಜಿಯ ಟೇಪು ಜೇಬಿನಲ್ಲಿ ಇಟ್ಟುಕೊಂಡು ಹೋಗಿ. ನಾನು ಬಾಣೇರಿನ ಒಂದು ಶೋರೂಮಿನಲ್ಲಿ ಹಾಗೇ ಸೀಟಿನ ಮೇಲೆ ಟೇಪು ಹಾಯಿಸಿ ಅಳೆದೆ. ಸೇಲ್ಸ್ ಹುಡುಗಿ ಬೈಕಿಗೆ ಪ್ಯಾಂಟು ಹೊಲಿಸುತ್ತೀರಾ ಅಂತ ಕೇಳಿದಳು. ಮನೆಯಲ್ಲಿ ಗೋಡೆಗೆ ಆನಿಕೊಂಡು, ಕಾಲುಗಳ ನಡುವೆ ದಪ್ಪ ಪುಸ್ತಕ ಮೇಲಕ್ಕೆ ಒತ್ತಿ ಹಿಡಿದು, ಅದರ ಮೇಲಂಚಿನಿಂದ ನೆಲದವರೆಗೆ ಅಳೆದುಕೊಳ್ಳಿ. ನನ್ನದು 72 ಸೆಂ.ಮೀ. ನನ್ನಷ್ಟೇ ಎತ್ತರದ ಗೆಳೆಯನದು ಬೇರೆ ಬಂತು. ಒಂದೇ ಎತ್ತರ ಅಂದರೆ ಒಂದೇ ಕಾಲು ಅಂತ ಅಲ್ಲ.

ಅಂದಹಾಗೆ, ತಗ್ಗಿನ ಸೀಟು ಅಂತ ಕಣ್ಣು ಮುಚ್ಚಿ ಕ್ರೂಸರ್ ತಗೊಳ್ಳುವವರಿಗೆ ಒಂದು ಮಾತು. ಕಾಲು ಮುಂದೆ ಚಾಚಿ ಕೂತಾಗ ಮೈಭಾರ ಪೂರ್ತಿ ಕುಂಡಿಯ ಮೇಲೆ ಬೀಳುತ್ತದೆ, ಹಳ್ಳ ಬಂದರೆ ಸಟ್ಟನೆ ಎದ್ದು ನಿಲ್ಲುವುದಕ್ಕೂ ಕಷ್ಟ. ಊರೊಳಗೆ ಚೆಂದ. ಪುಣೆಯ ಮಳೆಗಾಲದ ರಸ್ತೆಗೆ ನಾನಂತೂ ಬೇಡ ಅನ್ನುತ್ತೇನೆ.

ಅಕ್ಕಲಕೋಟೆಯ ಅಜ್ಜ ಸೀಟಿಗೆ ಒಂದು ಇಂಚು ವಾಪಸ್ ಸೇರಿಸಿದರು. ಹೌದು, ಸೇರಿಸಿದರು. ಕೆಳಗೆ ಫೋಮಿನ ಚೂರುಗಳನ್ನು ಒತ್ತಿ ಮಾಡಿದ ಗಟ್ಟಿ ಪದರ, ಮೇಲೆ ಸ್ವಲ್ಪ ಮೃದು ಪದರ. ಕೂರುವ ಜಾಗ ಅಗಲ ಮತ್ತು ಸಪಾಟು, ಎರಡು ಕೂರುಮೂಳೆಗಳಿಗೆ ಸರಿಯಾಗಿ ಆಸರೆ ಸಿಗುವ ಹಾಗೆ. ಅಲ್ಲಿಂದ ಟ್ಯಾಂಕಿನ ಕಡೆಗೆ ಎರಡೂ ಬದಿ ಕೆತ್ತಿ, ಮೂಲೆ ದುಂಡಗೆ ಮಾಡಿ, ಸೊಂಟದ ಹಾಗೆ ಸಣ್ಣ ಮಾಡಿದರು. ಹೊಲಿಗೆಯನ್ನು ಮೇಲೆ ಬಿಡದೆ ಬದಿಗೆ ತಂದರು. ಮೇಲೆ ಹೊಲಿಗೆ ಇದ್ದರೆ ಜುಲೈ ತಿಂಗಳಲ್ಲಿ ಸೂಜಿಯ ತೂತಿನಿಂದ ನೀರು ಇಳಿದು ಫೋಮು ಸ್ಪಂಜಾಗುತ್ತದೆ. ಬಿಸಿಲು ಬಿದ್ದ ದಿನವೂ ಪ್ಯಾಂಟು ಒದ್ದೆ. ಜೆಲ್ ಹಾಕಿಸಲಾ ಅಂತ ಕೇಳಿದೆ. ಮೇ ತಿಂಗಳ ಬಿಸಿಲಿಗೆ ಕಾದ ಜೆಲ್ ಮೇಲೆ ಕೂತು ನೋಡಿ ಬಂದು ಹೇಳಿ ಅಂದರು. ಖರ್ಚು ಮೊದಲ ಸಲದ ಮೂರು ಪಟ್ಟು ಆಯಿತು. ಎರಡು ದಿನ ಬೈಕು ಅಲ್ಲೇ ಬಿಟ್ಟು ಬಸ್ಸಿನಲ್ಲಿ ಓಡಾಡಿದೆ.

ಕತ್ತರಿಸಿದ್ದರಲ್ಲಿ ಒಂದು ಇಂಚು ವಾಪಸ್ ಬಂದಿದೆ, ಆದರೂ ಕಾಲು ಬೈಕು ಹೊಸದಾಗಿ ತಂದಾಗಿಗಿಂತ ಚೆನ್ನಾಗಿ ನೆಲ ಮುಟ್ಟುತ್ತದೆ ಅಂದರೆ ಯಾರೂ ನಂಬುವುದಿಲ್ಲ. ಪೂರ್ತಿ ಪಾದ ಅಲ್ಲ, ಪಾದದ ಮುಂಭಾಗ. ನಿಲ್ಲುವಾಗ ಸ್ವಲ್ಪ ಮುಂದೆ ಸರಿದು ಆ ಸಣ್ಣ ಜಾಗಕ್ಕೆ ಬರುತ್ತೇನೆ, ಹೊರಡುವಾಗ ಹಿಂದೆ ಸರಿದು ಅಗಲದ ಜಾಗಕ್ಕೆ ಹೋಗುತ್ತೇನೆ. ನಿಲ್ಲುವುದಕ್ಕೆ ಒಂದು ಸೀಟು, ಕೂರುವುದಕ್ಕೆ ಒಂದು ಸೀಟು.

ಹಿಂದಿನ ಸ್ಪ್ರಿಂಗಿನ ಪ್ರೀಲೋಡನ್ನೂ, ಅಂದರೆ ಸ್ಪ್ರಿಂಗನ್ನು ಮೊದಲೇ ಅದುಮಿಟ್ಟಿರುವ ಬಿಗಿಯನ್ನೂ, ಕಡಿಮೆ ಮಾಡಿಸಿದೆ. ನಾನು 56 ಕಿಲೋ. ನನ್ನ ಭಾರಕ್ಕೆ ಸ್ಪ್ರಿಂಗು ಬಗ್ಗುತ್ತಲೇ ಇರಲಿಲ್ಲ. ಗಿಡ್ಡ ಅಂದರೆ ಹೆಚ್ಚಾಗಿ ಹಗುರ ಕೂಡ, ಹಾಗಾಗಿ ನಮಗೆ ನಷ್ಟ ಎರಡು ಸಲ. ಹಿಂದೆ ಯಾರಾದರೂ ಕೂರುವ ದಿನ ಮರೆಯದೆ ಏರಿಸಿಕೊಳ್ಳಬೇಕು, ಇಲ್ಲದಿದ್ದರೆ ಹೆಡ್‌ಲೈಟು ಆಕಾಶ ನೋಡುತ್ತದೆ. ಸಸ್ಪೆನ್ಷನ್ ಲಿಂಕ್ ಅನ್ನುವ ಹಿಂದಿನ ಜೋಡಣೆಯ ಪಟ್ಟಿ ಬದಲಿಸಿ ಬೈಕನ್ನೇ ಇಳಿಸುವ ದಾರಿಯೂ ಉಂಟು. ನಾನು ಹೋಗಲಿಲ್ಲ. ಆಗ ಸೈಡ್ ಸ್ಟ್ಯಾಂಡ್ ಉದ್ದವಾಗಿ ಬೈಕು ನೆಟ್ಟಗೆ ನಿಲ್ಲುತ್ತದೆ, ಗಾಳಿಗೆ ಬಲಕ್ಕೆ ಬೀಳಬಹುದು. ನಮ್ಮ ಸೊಸೈಟಿಯ ಸ್ಪೀಡ್ ಬ್ರೇಕರು ಹೊಟ್ಟೆ ಉಜ್ಜುವುದು ಬೇರೆ.

ಎರಡೂ ಕಾಲು ಇಡಬೇಕು ಅನ್ನುವ ಹಟ ಬಿಟ್ಟಿದ್ದೇನೆ. ಎಡಗಾಲು ನೆಲಕ್ಕೆ, ಬಲಗಾಲು ಹಿಂದಿನ ಬ್ರೇಕಿನ ಮೇಲೆ. ನಿಲ್ಲಿಸುವ ಮೊದಲು ಕಣ್ಣು ಕಾಲಿಡುವ ಜಾಗ ಹುಡುಕುತ್ತದೆ. ಹಳ್ಳ, ಜಲ್ಲಿ, ಇಳಿಜಾರು ಇದ್ದರೆ ಒಂದು ಮಾರು ಮುಂದೆ ಹೋಗಿ ನಿಲ್ಲುತ್ತೇನೆ. ರಸ್ತೆಯ ಅಂಚಿಗಂತೂ ಹೋಗುವುದೇ ಇಲ್ಲ. ಹಿಂದಿನವರು ಹಾರನ್ ಹೊಡೆಯುತ್ತಾರೆ, ಹೊಡೆಯಲಿ.

ಕಳೆದ ತಿಂಗಳು ಮತ್ತೆ ಊರಿಗೆ ಹೋಗಿದ್ದೆ. ಕರಾಡದಲ್ಲಿ ಕೂತು ಚಹಾ ಕುಡಿದೆ. ಮನೆಗೆ ಹೋದ ತಕ್ಷಣ ಆರಡಿ ಎತ್ತರದ ತಮ್ಮ ಒಂದು ರೌಂಡು ಅಂತ ಬೈಕು ಒಯ್ದವನು ಕೆಲಗೇರಿ ಕೆರೆ ತನಕ ಹೋಗಿ ವಾಪಸ್ ಬಂದ. ಸೀಟು ಸರಿ ಇಲ್ಲ, ಮುಂದೆ ತೀರಾ ಸಣ್ಣ ಅಂತ ಗೊಣಗಿದ. ಅವ್ವ ಒಳಗಿನಿಂದ ದಿಂಬು ತಂದಳು, ಈ ಸಲ ಅವನಿಗೆ.