ಸ್ಕಾಟ್ಲೆಂಡ್ ಗೆದ್ದಾಗ ಗ್ಲಾಸ್ಗೊದಲ್ಲಿ ಎಲ್ಲರೂ ಕುಣಿಯಲಿಲ್ಲ

2025ರ ನವೆಂಬರ್ 18ರ ರಾತ್ರಿ ಗ್ಲಾಸ್ಗೊದ ಹ್ಯಾಂಪ್ಡನ್ ಪಾರ್ಕ್ ಕ್ರೀಡಾಂಗಣದಲ್ಲಿ ಸ್ಕಾಟ್ಲೆಂಡ್ 4-2ರಿಂದ ಡೆನ್ಮಾರ್ಕನ್ನು ಸೋಲಿಸಿ, 1998ರ ನಂತರ ಮೊದಲ ಸಲ ಫುಟ್‌ಬಾಲ್ ವಿಶ್ವಕಪ್‌ಗೆ ಹೋಯಿತು. ಮೂರನೇ ನಿಮಿಷಕ್ಕೇ ಸ್ಕಾಟ್ ಮೆಕ್‌ಟಾಮಿನೇ ಗಾಳಿಯಲ್ಲಿ ಅಡ್ಡಡ್ಡ ತೇಲಿ ಹೊಡೆದ ಬೈಸಿಕಲ್ ಕಿಕ್, ಕೊನೇ ಗಳಿಗೆಯಲ್ಲಿ ಕೆನ್ನಿ ಮೆಕ್ಲೀನ್ ಮಧ್ಯಗೆರೆ ಹತ್ತಿರದಿಂದ ಎತ್ತಿ ಹಾಕಿದ ಗೋಲು, ಎರಡನ್ನೂ ನೀವು ಮೊಬೈಲಿನಲ್ಲಿ ನೋಡಿರುತ್ತೀರಿ. ಊರಿನ ಗೆಳೆಯರೆಲ್ಲ "ನಿಮ್ಮ ಗ್ಲಾಸ್ಗೊದಲ್ಲಿ ಹಬ್ಬ ಜೋರಾ?" ಅಂತ ಮೆಸೇಜ್ ಹಾಕಿದರು. ಹಬ್ಬ ಜೋರಾಗಿಯೇ ಇತ್ತು. ಆದರೆ ಎಲ್ಲರ ಮನೆಯಲ್ಲೂ ಇರಲಿಲ್ಲ. ಆ ಇಲ್ಲದ ಮನೆಗಳ ಬಗ್ಗೆ ಬರೆಯಬೇಕು ಅನ್ನಿಸಿದೆ. ಅವರನ್ನು ದೇಶದ್ರೋಹಿಗಳ ಹಾಗೆ ಕಾಣುವವರು ಇಲ್ಲೂ ಇದ್ದಾರೆ, ನನಗದು ಸಹಿಸಲಾಗುವುದಿಲ್ಲ.

ಒಂದು ಬಗೆಯ ಹಿಂಜರಿಕೆ ಇಲ್ಲಿ ಎಲ್ಲರಿಗೂ ಇದೆ. ಅದು ಆಸೆ ಪಡುವುದಕ್ಕೇ ಇರುವ ಭಯ. 1974ರ ವಿಶ್ವಕಪ್‌ನಲ್ಲಿ ಒಂದೂ ಪಂದ್ಯ ಸೋಲದೆ ಇದ್ದ ಒಂದೇ ತಂಡ ಸ್ಕಾಟ್ಲೆಂಡ್. ಆದರೂ ಗೋಲುಗಳ ಲೆಕ್ಕದಲ್ಲಿ ಹಿಂದೆ ಬಿದ್ದು ಮೊದಲ ಸುತ್ತಿಗೇ ಮನೆಗೆ ಬಂತು. 1978ರಲ್ಲಿ ಕೋಚ್ ಆಲಿ ಮೆಕ್ಲೌಡ್ ಇಡೀ ನಾಡಿಗೆ ಕಪ್ಪಿನ ಆಸೆ ಹಚ್ಚಿ ಅರ್ಜೆಂಟೀನಾಕ್ಕೆ ಹೋದರು. ಪೆರು ಕೈಲಿ 3-1ರ ಸೋಲು, ಇರಾನ್ ಜೊತೆ 1-1. ಎಲ್ಲ ಮುಗಿಯಿತು ಅನ್ನುವಾಗ, ಆ ಸಲ ಫೈನಲ್ ಆಡಿದ ನೆದರ್ಲೆಂಡ್ಸನ್ನೇ 3-2ರಿಂದ ಸೋಲಿಸಿದರು. ಆರ್ಚಿ ಗೆಮ್ಮಿಲ್ ಒಬ್ಬೊಬ್ಬರನ್ನೇ ತಪ್ಪಿಸಿಕೊಂಡು ಹೋಗಿ ಹೊಡೆದ ಗೋಲು ಆ ಪಂದ್ಯದ್ದೇ. ಮುಂದೆ ಹೋಗಲು ಬೇಕಿದ್ದದ್ದು ಮಾತ್ರ ಮೂರು ಗೋಲಿನ ಅಂತರ. 2024ರಲ್ಲಿ ಯೂರೋಪಿನ ದೇಶಗಳ ಟೂರ್ನಿಯಾದ ಯೂರೋದಲ್ಲಿ ಜರ್ಮನಿ ಕೈಲಿ 5-1ರ ಸೋಲು, ಆಮೇಲೆ ಹಂಗೇರಿ ನೂರನೇ ನಿಮಿಷದಲ್ಲಿ ಹೊಡೆದ ಗೋಲಿಗೆ ಔಟ್. ಅಲ್ಲಿಯವರೆಗೆ ಆಡಿದ ಹನ್ನೆರಡು ದೊಡ್ಡ ಟೂರ್ನಿಗಳಲ್ಲಿ ಒಂದರಲ್ಲೂ ಮೊದಲ ಹಂತ ದಾಟಿರಲಿಲ್ಲ. ಇಷ್ಟು ಪೆಟ್ಟು ತಿಂದವರು ಮನಸ್ಸು ಗಟ್ಟಿಮಾಡಿಕೊಂಡು ದೂರ ಕೂತರೆ ಯಾರೂ ತಪ್ಪು ತಿಳಿಯುವುದಿಲ್ಲ.

ಇನ್ನೊಂದು ಬಗೆಯ ಹಿಂಜರಿಕೆ ಇದೆ. ಅದರ ಬಗ್ಗೆ ಇಲ್ಲಿ ಜನ ದನಿ ತಗ್ಗಿಸಿ ಮಾತಾಡುತ್ತಾರೆ.

ಗ್ಲಾಸ್ಗೊದ ಎರಡು ದೊಡ್ಡ ಫುಟ್‌ಬಾಲ್ ಕ್ಲಬ್ಬುಗಳಲ್ಲಿ ಒಂದಾದ ಸೆಲ್ಟಿಕ್ ಹುಟ್ಟಿದ್ದು 1887ರಲ್ಲಿ. ಐರ್ಲೆಂಡಿನ ಕ್ಷಾಮ, ಬಡತನಗಳಿಂದ ಗುಳೆ ಬಂದು ಗ್ಲಾಸ್ಗೊದ ಪೂರ್ವ ಭಾಗದಲ್ಲಿ ನೆಲೆಸಿದ್ದ ಕ್ಯಾಥೊಲಿಕ್ ಕುಟುಂಬಗಳ ಮಕ್ಕಳ ಹೊಟ್ಟೆ ತುಂಬಿಸಲು ದುಡ್ಡು ಬೇಕು ಅಂತ ಬ್ರದರ್ ವಾಲ್ಫ್ರಿಡ್ ಎಂಬ ಕ್ಯಾಥೊಲಿಕ್ ಸನ್ಯಾಸಿ ಕಟ್ಟಿದ ತಂಡ ಅದು. ಆ ಜನಕ್ಕೆ ಈ ನಾಡು ಸುಲಭವಾಗಿ ಬಾಗಿಲು ತೆರೆಯಲಿಲ್ಲ. ಕ್ಯಾಥೊಲಿಕ್ ಹೆಸರು ಕಂಡರೆ ಕೆಲಸ ಕೊಡದ ಕಾರ್ಖಾನೆಗಳಿದ್ದವು. ಪ್ರೊಟೆಸ್ಟೆಂಟರ ಕ್ಲಬ್ಬು ಅನ್ನಿಸಿಕೊಂಡ ಎದುರಾಳಿ ರೇಂಜರ್ಸ್ ಅಂತೂ 1989ರಲ್ಲಿ ಮೋ ಜಾನ್‌ಸ್ಟನ್ ಬರುವ ತನಕ, ದಶಕಗಟ್ಟಲೆ, ಗೊತ್ತಿದ್ದೂ ಗೊತ್ತಿದ್ದೂ ಕ್ಯಾಥೊಲಿಕ್ ಆಟಗಾರನನ್ನು ಸೇರಿಸಿಕೊಳ್ಳುತ್ತಿರಲಿಲ್ಲ. 1967ರಲ್ಲಿ ಲಿಸ್ಬನ್ನಿನಲ್ಲಿ ಯೂರೋಪಿಯನ್ ಕಪ್ ಗೆದ್ದ ಸೆಲ್ಟಿಕ್ ತಂಡದ ಮಾಂತ್ರಿಕ ಜಿಮ್ಮಿ ಜಾನ್‌ಸ್ಟನ್ ದೇಶಕ್ಕೆ ಆಡಿದ್ದು ಬರೀ 23 ಪಂದ್ಯ. ಹಳಬರ ಮುಂದೆ ಈ ಮಾತು ತೆಗೆದು ನೋಡಿ, ಸೆಲ್ಟಿಕ್‌ನವನೆಂದು ಕಡೆಗಣಿಸಿದರು ಅನ್ನುವ ನೋವು ಇನ್ನೂ ಹಸಿಯಾಗಿಯೇ ಇದೆ. ಇಂಥ ಮನೆಗಳಲ್ಲಿ ಬೆಳೆದ ಎಷ್ಟೋ ಜನ ಐರ್ಲೆಂಡ್ ಗೆದ್ದರೆ ಹಿಗ್ಗುತ್ತಾರೆ, ಸ್ಕಾಟ್ಲೆಂಡ್ ಗೆದ್ದರೆ "ಆಗಲಿ ಬಿಡು" ಅನ್ನುತ್ತಾರೆ. ಎಲ್ಲರೂ ಹಾಗಲ್ಲ. ಹ್ಯಾಂಪ್ಡನ್‌ಗೆ ಸ್ಕಾಟ್ಲೆಂಡಿನ ಉಡುಗೆಯಾದ ಕಿಲ್ಟ್ ಉಟ್ಟು ಹೋಗುವ ಸೆಲ್ಟಿಕ್ ಅಭಿಮಾನಿಗಳೂ ನನಗೆ ಗೊತ್ತು.

ರೇಂಜರ್ಸ್ ಕಡೆಯ ಕಥೆ ಇದಕ್ಕೆ ತದ್ವಿರುದ್ಧ, ಆದರೆ ಬಂದು ನಿಂತದ್ದು ಅದೇ ಜಾಗಕ್ಕೆ. ಒಂದು ಕಾಲಕ್ಕೆ ರಾಷ್ಟ್ರೀಯ ತಂಡದ ಬೆನ್ನೆಲುಬಿನಂಥ ಬೆಂಬಲಿಗರು ಅವರು. ಬ್ರಿಟನ್ನಿನ ಬಾವುಟವೂ ತಮ್ಮದೇ, ಸ್ಕಾಟ್ಲೆಂಡೂ ತಮ್ಮದೇ ಅಂದುಕೊಂಡವರು. ಈಗ ಪಂದ್ಯಕ್ಕೆ ಮುಂಚೆ ಹಾಡುವುದು ಇಂಗ್ಲೆಂಡಿನ ರಾಜನ ಸೈನ್ಯವನ್ನು ಹಿಂದಕ್ಕಟ್ಟಿದ 1314ರ ಯುದ್ಧದ ಹಾಡು. 2023ರಲ್ಲಿ ಹ್ಯಾಂಪ್ಡನ್‌ಗೆ ಇಂಗ್ಲೆಂಡ್ ಬಂದಾಗ ಬ್ರಿಟನ್ನಿನ ರಾಷ್ಟ್ರಗೀತೆಗೆ ಕ್ರೀಡಾಂಗಣವೇ ಧಿಕ್ಕಾರದ ಕೂಗು ಹಾಕಿತು. ಬ್ರಿಟನ್ನಿನಿಂದ ಸ್ವಾತಂತ್ರ್ಯ ಬೇಕೋ ಬೇಡವೋ ಎಂಬ 2014ರ ಜನಮತದಲ್ಲಿ ನೂರಕ್ಕೆ ಐವತ್ತೈದು ಜನ ಬೇಡ ಅಂದಿದ್ದರು. ಅಂದರೆ ರಾಜಕೀಯವಾಗಿ ಗೆದ್ದವರೇ ಹ್ಯಾಂಪ್ಡನ್‌ನಲ್ಲಿ ಹೊರಗಿನವರಂತೆ ಕೂರುವ ಸ್ಥಿತಿ. ಅವರ ರಾಜಭಕ್ತಿ ನನಗೆ ಒಗ್ಗುವುದಿಲ್ಲ. ಆದರೆ ತಂಡ ತಮ್ಮ ಕೈತಪ್ಪಿತು ಅನ್ನುವ ಅವರ ಸಂಕಟವನ್ನು ಸುಳ್ಳು ಅನ್ನಲಾರೆ.

ಅಬರ್ಡೀನ್, ಡಂಡೀ, ಕಿಲ್ಮಾರ್ನಕ್ ಕಡೆಯವರಿಗೆ ಈ ಗೊಂದಲ ಕಮ್ಮಿ. 1985ರಲ್ಲಿ ಅಬರ್ಡೀನ್ ಗೆದ್ದ ಮೇಲೆ ಲೀಗ್ ಪಟ್ಟ ದಶಕಗಟ್ಟಲೆ ಈ ಎರಡು ಗ್ಲಾಸ್ಗೊ ಕ್ಲಬ್ಬುಗಳ ನಡುವೆಯೇ ಓಡಾಡಿತು. ಹಾಗಾಗಿ ಉಳಿದವರಿಗೆ ದೇಶದ ತಂಡವೇ ದೊಡ್ಡ ಸಂತೋಷ. ಹೊರದೇಶಗಳ ಚೌಕಗಳಲ್ಲಿ ಹಾಡಿ ಕುಣಿದು ಎಲ್ಲರ ಪ್ರೀತಿ ಗಳಿಸುವ ಸ್ಕಾಟ್ಲೆಂಡ್ ಅಭಿಮಾನಿಗಳ ಪಡೆ 'ಟಾರ್ಟನ್ ಆರ್ಮಿ'ಯಲ್ಲಿ ಅವರದ್ದೇ ದೊಡ್ಡ ಪಾಲು.

ನನಗೆ ಈ ವಿಷಯ ಇಷ್ಟು ಹತ್ತಿರ ಯಾಕೆ ಅಂದರೆ, ಬ್ರಿಟನ್ನಿಗೆ ಬಂದು ನೆಲೆಸಿದ ನಮ್ಮಂಥವರಿಗೂ ಇದೇ ಪರೀಕ್ಷೆ ಒಡ್ಡಿದ್ದರು. 1990ರಲ್ಲಿ ಕನ್ಸರ್ವೇಟಿವ್ ಪಕ್ಷದ ನಾರ್ಮನ್ ಟೆಬಿಟ್, ಏಷ್ಯಾದಿಂದ ಬಂದವರು ಕ್ರಿಕೆಟ್‌ನಲ್ಲಿ ಯಾವ ತಂಡಕ್ಕೆ ಚಪ್ಪಾಳೆ ತಟ್ಟುತ್ತಾರೆ ಎಂಬುದರ ಮೇಲೆ ಅವರ ನಿಷ್ಠೆ ಅಳೆಯಬಹುದು ಎಂಬರ್ಥದ ಮಾತಾಡಿದರು. ಇಲ್ಲಿ ತೆರಿಗೆ ಕಟ್ಟಿ, ಇಲ್ಲಿನ ಆಸ್ಪತ್ರೆಗಳಲ್ಲಿ ರಾತ್ರಿ ಪಾಳಿ ಮಾಡಿ, ಮನೆಗೆ ಬಂದು ಭಾರತದ ಸ್ಕೋರ್ ನೋಡುವವರೆಲ್ಲ ಒಂದೇ ಏಟಿಗೆ ಅನುಮಾನಿತರಾದರು. ನಾವು ಕನ್ನಡಿಗರೂ ಅದರಲ್ಲಿದ್ದೇವೆ. ನಮಗೆ ಆ ಪ್ರಶ್ನೆ ಅವಮಾನ ಅನ್ನಿಸಿದರೆ, ಐರ್ಲೆಂಡಿನ ಡನಿಗಾಲ್‌ನಿಂದ ಬಂದ ತಾತನ ಫೋಟೋ ಗೋಡೆಗೆ ಹಾಕಿಕೊಂಡವನಿಗೆ ನಾವೇ ಆ ಪ್ರಶ್ನೆ ಕೇಳುವುದು ಹೇಗೆ?

ಏಡನ್ ಮೆಗೀಡಿಯನ್ನೇ ನೋಡಿ. ಇಲ್ಲೇ ಹುಟ್ಟಿ, ಇಲ್ಲೇ ಬೆಳೆದು, ಸೆಲ್ಟಿಕ್‌ಗೆ ಆಡಿದವನು. ಅಜ್ಜ ಅಜ್ಜಿಯ ಕಡೆಯಿಂದ ಬಂದ ಹಕ್ಕಿನಲ್ಲಿ ಐರ್ಲೆಂಡ್ ಆರಿಸಿಕೊಂಡ. 2014ರ ನವೆಂಬರ್‌ನಲ್ಲಿ, ಹ್ಯಾಂಪ್ಡನ್ ಖಾಲಿ ಇರಲಿಲ್ಲವೆಂದು ಸ್ಕಾಟ್ಲೆಂಡ್–ಐರ್ಲೆಂಡ್ ಪಂದ್ಯ ಸೆಲ್ಟಿಕ್ ಪಾರ್ಕ್‌ನಲ್ಲೇ ನಡೆಯಿತು. ತಾನು ಆಡಿ ಬೆಳೆದ ಅಂಗಳದಲ್ಲೇ ಚೆಂಡು ಮುಟ್ಟಿದಾಗಲೆಲ್ಲ ಅವನಿಗೆ ಧಿಕ್ಕಾರ. ಈಗ ಈ ಕಡೆ ನೋಡಿ. ಡೆನ್ಮಾರ್ಕ್ ವಿರುದ್ಧ ಆ ಬೈಸಿಕಲ್ ಕಿಕ್ ಹೊಡೆದ ಮೆಕ್‌ಟಾಮಿನೇ ಹುಟ್ಟಿದ್ದು ಇಂಗ್ಲೆಂಡಿನ ಲ್ಯಾಂಕಸ್ಟರ್‌ನಲ್ಲಿ, ಅವನ ಅಪ್ಪ ಸ್ಕಾಟ್ಲೆಂಡಿನವರು. ಸ್ಕಾಟ್ಲೆಂಡ್ ತಂಡದ ಇನ್ನೊಬ್ಬ ಆಟಗಾರ ಚೆ ಆಡಮ್ಸ್ ಹುಟ್ಟಿದ್ದು ಇಂಗ್ಲೆಂಡಿನದೇ ಲೆಸ್ಟರ್‌ನಲ್ಲಿ. ಅಜ್ಜ ಅಜ್ಜಿ, ಅಪ್ಪ ಅಮ್ಮಂದಿರ ಹೆಸರು ಹುಡುಕಿ ಇವರನ್ನು ನಮ್ಮವರು ಅಂತ ಅಪ್ಪಿಕೊಳ್ಳುತ್ತೇವೆ, ಅಪ್ಪಿಕೊಳ್ಳಲೇಬೇಕು. ಅದೇ ದಾರಿಯಲ್ಲಿ ಆ ಕಡೆಗೆ ಹೋದವನು ಮಾತ್ರ ದ್ರೋಹಿ ಹೇಗಾದ?

2026ರ ವಿಶ್ವಕಪ್‌ನಲ್ಲಿ ನಮ್ಮ ಗುಂಪಿನಲ್ಲಿರುವುದು ಹೈಟಿ, ಮೊರಾಕ್ಕೊ, ಬ್ರೆಜಿಲ್. ಗಂಟಲು ಹರಿಯುವಷ್ಟು ನಾನು ಸ್ಕಾಟ್ಲೆಂಡ್‌ಗೇ ಕೂಗುವವನು. ಜೊತೆಗೆ ಕೂಗಲು ಬಾರದ ಗೆಳೆಯರನ್ನು ದಯವಿಟ್ಟು ಯಾರೂ ಕೆಣಕಬೇಡಿ. ಬೇಕಿದ್ದವರು ಬನ್ನಿ, ಕೂತು ನೋಡೋಣ. ಇದೇ ಮೊರಾಕ್ಕೊ 1998ರಲ್ಲಿ ನಮ್ಮನ್ನು 3-0ಯಿಂದ ಹೊಡೆದು ಮನೆಗೆ ಕಳಿಸಿತ್ತು. ಆ ಬಾಕಿ ತೀರಿಸಲೇಬೇಕು.